ರೋಹಿಣಿ ಮಳೆಗೆ ಮುಂಚೆ ಒಂದು ಮಾತು

ಅಪ್ಪಿ,

ಮೊನ್ನೆ ನಿನ್ನ ತೋಟಕ್ಕೆ ಬಂದಿದ್ದಾಗ ಪಂಪ್‌ಹೌಸಿನ ಮೂಲೆಯಲ್ಲಿ ಒಟ್ಟಿದ್ದ ಮೈಲುತುತ್ತದ ಚೀಲಗಳನ್ನು ನೋಡಿದೆ. ಹೋದ ವರ್ಷ ಅಡಿಕೆಗೆ ಕೊಳೆ ಬಂದು ಅರ್ಧ ಫಸಲು ಕಣ್ಣೆದುರೇ ಉದುರಿಹೋದದ್ದು ನಿನ್ನ ಮನಸ್ಸಿನಿಂದ ಇನ್ನೂ ಇಳಿದಿಲ್ಲ ಅಂತ ಅರ್ಥವಾಯಿತು. "ಈ ಸಲ ನೂರು ಲೀಟರಿಗೆ ಎರಡು ಕೆ.ಜಿ. ಹಾಕಿಬಿಡ್ತೀನಿ ಮಾವ, ಎರಡಲ್ಲ ಮೂರು ಸಲ ಹೊಡೆಸ್ತೀನಿ" ಅಂದೆ. ಆಗ ನಾನು ಸುಮ್ಮನಿದ್ದೆ. ಕೆಲಸದವರ ಎದುರಿಗೆ ತೋಟದ ಯಜಮಾನನಿಗೆ ಬುದ್ಧಿ ಹೇಳುವುದು ಸರಿಯಲ್ಲ. ಆದರೆ ಮನೆಗೆ ಬಂದ ಮೇಲೆ ರಾತ್ರಿಯಿಡೀ ಅದೇ ಯೋಚನೆ. ರೋಹಿಣಿ ಮಳೆ ಹಿಡಿಯುವುದಕ್ಕೆ ಇನ್ನು ಮೂರು ವಾರವೂ ಇಲ್ಲ. ಅಷ್ಟರೊಳಗೆ ಇದನ್ನು ನಿನಗೆ ತಲುಪಿಸಬೇಕು ಅಂತ ಬರೆಯಲು ಕೂತೆ.

ನಿನ್ನ ಹೆದರಿಕೆ ಸುಳ್ಳಲ್ಲ. ಆದರೆ ಹೆದರಿಕೆಗೆ ಉತ್ತರ ಹೆಚ್ಚು ತಾಮ್ರ ಅಲ್ಲ.

ಮೈಲುತುತ್ತದೊಳಗಿನ ತಾಮ್ರ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಮೊದಲು ನೋಡು. ಕೊಳೆರೋಗ ತರುವ ಫೈಟಾಫ್ತೊರಾ ನೀರಿನ ಜೀವಿ. ಸಾಮಾನ್ಯ ಬೂಷ್ಟಿನ ಜಾತಿಯೂ ಅದಲ್ಲ. ಅದರ ಬೀಜಕಣಗಳಿಗೆ ಬಾಲದಂಥ ಎಳೆಗಳಿರುತ್ತವೆ. ಅಡಿಕೆಯ ಮೇಲೆ ಕೂತ ನೀರಿನ ತೆಳು ಪೊರೆಯಲ್ಲಿ ಅವು ಈಜುತ್ತವೆ. ಈಜಿ ಬಂದು ತೊಟ್ಟಿನ ಹತ್ತಿರ ಕೂತು, ಮೊಳೆತು ಒಳಗೆ ಇಳಿಯುತ್ತವೆ. ತೊಟ್ಟಿನ ಬುಡದಲ್ಲಿ ಕಡುಹಸಿರು ಬಣ್ಣದ, ಬಿಸಿನೀರು ಬಿದ್ದಂಥ ಕಲೆ ಕಾಣುತ್ತದಲ್ಲ, ಅಷ್ಟು ಹೊತ್ತಿಗೆ ಶತ್ರು ಮನೆಯೊಳಗೆ ಸೇರಿ ಆಗಿರುತ್ತದೆ. ತಾಮ್ರ ಇರುವುದು ಹೊರಗೆ, ಸಿಪ್ಪೆಯ ಮೇಲೆ. ಅದು ಬಾಗಿಲು ಕಾಯುವ ಕಾವಲುಗಾರ. ಒಳಗೆ ಹೋದ ರೋಗವನ್ನು ಅಟ್ಟಿ ಹಿಡಿಯುವ ಶಕ್ತಿ ಅದಕ್ಕಿಲ್ಲ. ಮೈಲುತುತ್ತ, ಸುಣ್ಣ ಕೂಡಿಸಿದ ಬೋರ್ಡೋ ಪಾಕ ಒಣಗಿದ ಮೇಲೆ ಕಾಯಿಯ ಮೇಲೆ ಉಳಿಯುವ ನೀಲಿ ಪುಡಿ ನೀರಲ್ಲಿ ಸುಲಭಕ್ಕೆ ಕರಗುವುದಿಲ್ಲ. ಮಳೆಹನಿ ಬಿದ್ದಾಗಲೆಲ್ಲ ಅದರಿಂದ ತಾಮ್ರದ ಅಯಾನುಗಳು ಚೂರು ಚೂರೇ ಬಿಡುಗಡೆಯಾಗುತ್ತವೆ. ಈಜಿಕೊಂಡು ಬಂದ ಬೀಜಕಣ ಆ ಅಯಾನುಗಳನ್ನು ಹೀರಿಕೊಂಡು, ಒಳಗಿನ ಪ್ರೋಟೀನುಗಳೆಲ್ಲ ಕೆಟ್ಟು ಸಾಯುತ್ತದೆ. ಇದಕ್ಕೆ ಬೇಕಾದ ತಾಮ್ರ ಎಷ್ಟು ಕಡಿಮೆ ಅಂದರೆ ನಿನ್ನ ಎರಡು ಕೆ.ಜಿ.ಯ ಲೆಕ್ಕ ಅಲ್ಲಿಗೆ ಸಂಬಂಧವೇ ಇಲ್ಲ. ಪ್ರತಿ ಕಾಯಿಯ ಮೇಲೂ, ಎಲ್ಲ ಕಡೆಯೂ, ಮಳೆಗೆ ಮೊದಲೇ ಕಾವಲು ಇದೆಯೋ ಇಲ್ಲವೋ ಅನ್ನುವುದಷ್ಟೇ ಪ್ರಶ್ನೆ.

ಇನ್ನೊಂದು ಸಂಗತಿ. ಕಾಯಿ ಬೆಳೆಯುತ್ತದೆ. ಜೂನ್ ಮೊದಲಲ್ಲಿ ಗೋಲಿಯಷ್ಟಿದ್ದದ್ದು ಜುಲೈ ಮಧ್ಯಕ್ಕೆ ಎಷ್ಟು ಉಬ್ಬಿರುತ್ತದೆ ನೋಡು. ಹಳೆಯ ನೀಲಿ ಪೊರೆ ಬಿರುಕು ಬಿಟ್ಟು ನಡುನಡುವೆ ಹೊಸ ಸಿಪ್ಪೆ ಬರಿಮೈಯಲ್ಲಿ ನಿಂತಿರುತ್ತದೆ. ಮೊದಲ ಸಲ ಎಷ್ಟೇ ದಪ್ಪ ಹೊಡೆದರೂ ಈ ಹೊಸ ಸಿಪ್ಪೆಗೆ ಅದು ತಲುಪುವುದಿಲ್ಲ. ನಲವತ್ತು ನಲವತ್ತೈದು ದಿನಕ್ಕೆ ಎರಡನೇ ಸಲ ಹೊಡೆಯಿರಿ ಅಂತ ಹಿರಿಯರು ಹೇಳಿದ್ದು ಇದಕ್ಕೆ. ರೋಹಿಣಿಯಲ್ಲಿ ಒಂದು, ಪುನರ್ವಸುವಿನಲ್ಲಿ ಬಿಡುವು ಸಿಕ್ಕಿದಾಗ ಇನ್ನೊಂದು. ಮಳೆ ಹಿಡಿದರೆ ಬಿಡದೆ ಎಳೆಯುವ ವರ್ಷ ಮಾತ್ರ ಮೂರನೆಯದರ ಮಾತು.

ಈ ನೀಲಿ ನೀರಿನ ಹುಟ್ಟಿನ ಕಥೆ ನಿನಗೆ ಹೇಳಲೇಬೇಕು, ಯಾಕೆಂದರೆ ನನ್ನ ಮಾತಿನ ಜೀವ ಅದರಲ್ಲೇ ಇದೆ. 1882ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಬೋರ್ಡೋ ಊರಿನ ಸಸ್ಯಶಾಸ್ತ್ರದ ಮೇಷ್ಟ್ರು ಮಿಲಾರ್ಡೆ ಅನ್ನುವವರು ಮೆಡಾಕ್ ಸೀಮೆಯ ದ್ರಾಕ್ಷಿತೋಟಗಳ ನಡುವೆ ಹೋಗುತ್ತಿದ್ದರು. ಅಮೆರಿಕದಿಂದ ಬಂದ ಬೂಜುರೋಗಕ್ಕೆ ತೋಟವೆಲ್ಲ ಎಲೆ ಉದುರಿ ಬೋಳಾಗಿದೆ; ದಾರಿಯ ಅಂಚಿನ ಸಾಲುಗಳಲ್ಲಿ ಮಾತ್ರ ಎಲೆ ಹಸಿರಾಗಿದೆ. ವಿಚಾರಿಸಿದರೆ, ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಅಂತ ತೋಟದವರು ಮೈಲುತುತ್ತ ಸುಣ್ಣ ಕಲಸಿ ಅಂಚಿನ ಬಳ್ಳಿಗಳಿಗೆ ಎರಚಿದ್ದರು, ನೋಡಿದವರು ವಿಷ ಅಂದುಕೊಳ್ಳಲಿ ಅಂತ. ಮಿಲಾರ್ಡೆ ಅದನ್ನು ಅಲ್ಲಿಗೆ ಬಿಡಲಿಲ್ಲ. ಗೇಯೋಂ ಅನ್ನುವ ರಸಾಯನಶಾಸ್ತ್ರಜ್ಞರ ಜೊತೆ ಸೇರಿ ಪರೀಕ್ಷೆ ಮಾಡಿ, 1885ರಲ್ಲಿ ಪಾಕದ ಅಳತೆ ಪ್ರಕಟಿಸಿದರು. ಆ ಮೊದಲ ಪಾಕದಲ್ಲಿ 100 ಲೀಟರ್ ನೀರಿಗೆ ಮೈಲುತುತ್ತ 8 ಕೆ.ಜಿ., ಅದಕ್ಕೆ 30 ಲೀಟರ್ ನೀರಲ್ಲಿ ಕಲಸಿದ 15 ಕೆ.ಜಿ. ಸುಣ್ಣ. ಗಂಜಿಯ ಹಾಗಿದ್ದಿರಬೇಕು.

ಎಂಟು ಕೆ.ಜಿ. ಅಪ್ಪಿ! ಇವತ್ತು ನಾವು ಹಾಕುವುದು ಒಂದು. ಎಂಟರಿಂದ ಒಂದಕ್ಕೆ ಇಳಿದದ್ದು ಹೇಗೆ? ಸುಣ್ಣವನ್ನು ಹದವಾಗಿ ಅರಳಿಸಲು ಕಲಿತರು, ಹನಿ ಸಣ್ಣದಾಗಿ ಒಡೆಯುವ ಪಂಪು ಮಾಡಿದರು, ರೋಗ ಬರುವ ಹೊತ್ತನ್ನು ತಿಳಿದುಕೊಂಡರು. ಬೋರ್ಡೋ ಸುಧಾರಿಸಿದ್ದೆಲ್ಲ ತಾಮ್ರವನ್ನು ಕಡಿಮೆ ಮಾಡಿಕೊಂಡೇ. ನೀನು ಎರಡಕ್ಕೆ ಹೋಗುತ್ತೇನೆ ಅಂದರೆ ನೂರ ಮೂವತ್ತು ವರ್ಷಕ್ಕೂ ಹೆಚ್ಚಿನ ಆ ದಾರಿಯಲ್ಲಿ ಹಿಂದಕ್ಕೆ ನಡೆದ ಹಾಗೆ.

ನಮ್ಮ ಮಲೆನಾಡಿಗೆ ಇದು ಬಂದ ಬಗೆಯೂ ತಿಳಿದಿರಲಿ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೃಷಿ ವಿಜ್ಞಾನಿಯಾಗಿ ಬಂದರು. 1910ರಲ್ಲಿ ಅವರು ಹೊರತಂದ ಪುಸ್ತಿಕೆಯ ವಿಷಯವೇ ಅಡಿಕೆಯ ಕೊಳೆರೋಗ. ನಮ್ಮ ಭಾಷೆಯ ಆ ಹೆಸರನ್ನು ಅವರು ಹಾಗೇ ಉಳಿಸಿಕೊಂಡರು, ಇಂಗ್ಲಿಷ್ ಪುಸ್ತಕಗಳಲ್ಲೂ ಅದು ಇವತ್ತಿಗೂ ಕೊಳೆರೋಗವೇ. ಅಲ್ಲಿಯವರೆಗೆ ನಮ್ಮವರು ಮಾಡುತ್ತಿದ್ದದ್ದು ಕೊನೆಗೆ ಕೊಟ್ಟೆ ಕಟ್ಟುವುದು. ಹಾಳೆ, ಕರಡದ ಹುಲ್ಲು, ಕೈಗೆ ಸಿಕ್ಕಿದ್ದರಲ್ಲಿ ಟೋಪಿಯ ಹಾಗೆ ಮಾಡಿ ಒಂದೊಂದು ಕೊನೆಗೂ ಮರ ಹತ್ತಿ ಕಟ್ಟಬೇಕು. ನೀರು ಬೀಳದಿದ್ದರೆ ರೋಗ ಇಲ್ಲ. ಆ ತಿಳುವಳಿಕೆ ನಮ್ಮವರಿಗೆ ಯಾವ ಸೂಕ್ಷ್ಮದರ್ಶಕವೂ ಇಲ್ಲದೆ ಬಂದಿತ್ತು. ಅದನ್ನು ನೆನೆದಾಗಲೆಲ್ಲ ನನಗೆ ಆ ಹಿರಿಯರ ಬಗ್ಗೆ ಕೈಮುಗಿಯಬೇಕು ಅನ್ನಿಸುತ್ತದೆ. ಕೋಲ್ಮನ್ ಅಡಿಕೆಗೆ ತಕ್ಕ ಹಾಗೆ ಬೋರ್ಡೋ ಹೊಡೆಯುವುದನ್ನು ರೂಢಿಗೆ ತಂದರು. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದೂ ಅವರ ಕಾಲದಲ್ಲೇ.

ಈಗ ಪಾಕದ ಮಾತು. ಇಲ್ಲಿ ಸ್ವಲ್ಪ ನಿಂತು ಓದು, ಏಕೆಂದರೆ ಹೋದ ವರ್ಷ ನಿನ್ನ ತೋಟದಲ್ಲಿ ಕೆಟ್ಟದ್ದು ಇಲ್ಲೇ ಅಂತ ನನ್ನ ಅನುಮಾನ.

ನಿನ್ನ ಸುಣ್ಣದ ಚೀಲಕ್ಕೆ ಕೈಹಾಕಿ ನೋಡಿದೆ. ಪುಡಿ ಪುಡಿ, ತಣ್ಣಗೆ, ಬೆರಳಿಗೆ ಚಾಕ್‌ಪೀಸಿನ ಹುಡಿ ಹತ್ತಿದ ಹಾಗೆ. ಅದು ಗಾಳಿ ಕುಡಿದು ಸತ್ತ ಸುಣ್ಣ. ಸುಟ್ಟ ಸುಣ್ಣ ಗಾಳಿಯ ತೇವ ಹೀರಿ, ಆಮೇಲೆ ಇಂಗಾಲದ ಡೈಆಕ್ಸೈಡ್ ಹೀರಿ, ಮರಳಿ ಸುಣ್ಣದ ಕಲ್ಲೇ ಆಗಿಬಿಡುತ್ತದೆ. ಅದಕ್ಕೆ ಮೈಲುತುತ್ತದ ಹುಳಿಯನ್ನು ಸರಿಯಾಗಿ ಮುರಿಯುವ ಶಕ್ತಿ ಇರುವುದಿಲ್ಲ. ಲೆಕ್ಕ ಹಾಕಿದರೆ 1 ಕೆ.ಜಿ. ಮೈಲುತುತ್ತಕ್ಕೆ ಶುದ್ಧವಾದ ಸುಟ್ಟ ಸುಣ್ಣ 225 ಗ್ರಾಂ ಇದ್ದರೂ ಸಾಕು. ಆದರೂ ಪಾಕದಲ್ಲಿ 1 ಕೆ.ಜಿ. ಹೇಳಿದ್ದಾರೆ, ಸುಣ್ಣ ಪೇಟೆಯಿಂದ ಪೇಟೆಗೆ, ಗೂಡಿನಿಂದ ಗೂಡಿಗೆ ಬೇರೆ ಅಂತ ಅವರಿಗೆ ಗೊತ್ತಿತ್ತು. ಒಳ್ಳೆಯ ಚಿಪ್ಪಿನ ಸುಣ್ಣವನ್ನು ಗಟ್ಟಿಯಾಗಿಯೇ ತಂದು, ಬೇಕಾದ ದಿನ ಬೆಳಿಗ್ಗೆ ನೀರು ಚಿಮುಕಿಸಿ ಅರಳಿಸು. ಚಟಚಟ ಸದ್ದು ಬಂದು, ಹಬೆ ಎದ್ದು, ಬಕೆಟ್ಟಿನ ಹೊರಮೈ ಮುಟ್ಟಲಾಗದಷ್ಟು ಕಾದರೆ ಸುಣ್ಣಕ್ಕೆ ಜೀವ ಇದೆ. ಸುಮ್ಮನೆ ನೆನೆದು ಕೂತರೆ ಅದನ್ನು ಗೋಡೆಗೆ ಬಳಿ. ಅರಳಿದ ಸುಣ್ಣ ಪೂರ್ತಿ ಆರಲಿ. ಆಮೇಲೆ ಹಳೆಯ ಪಂಚೆಯಲ್ಲಿ ಎರಡು ಸಲ ಸೋಸು.

ಮೈಲುತುತ್ತವನ್ನು ಹಿಂದಿನ ರಾತ್ರಿಯೇ ಬಟ್ಟೆಯಲ್ಲಿ ಗಂಟುಕಟ್ಟಿ, ನೀರಿನ ಮೇಲ್ಭಾಗಕ್ಕೆ ಮುಳುಗುವಷ್ಟು ಇಳಿಬಿಡು. ತಳಕ್ಕೆ ಸುರಿದರೆ ಬೆಳಗಿನ ತನಕವೂ ಹರಳು ಹರಳಾಗಿಯೇ ಕೂತಿರುತ್ತದೆ. ಮೇಲೆ ತೂಗಿದರೆ ಕರಗಿದ ಭಾರದ ನೀರು ತಾನೇ ಕೆಳಗಿಳಿಯುತ್ತದೆ, ತಿಳಿನೀರು ಮೇಲೆ ಬರುತ್ತದೆ, ಬೆಳಿಗ್ಗೆಗೆ ಗಂಟು ಖಾಲಿ. ಅವಸರಕ್ಕೆ ಬಿಸಿನೀರಲ್ಲಿ ಕರಗಿಸುವವರಿದ್ದಾರೆ. ಕರಗಿಸಲಿ, ಆದರೆ ಬಿಸಿ ಇರುವಾಗ ಸುಣ್ಣಕ್ಕೆ ಸೇರಿಸಬಾರದು, ಕಣ ದಪ್ಪವಾಗುತ್ತದೆ. 200 ಲೀಟರಿನ ಡ್ರಮ್ಮಿಗೆ ಎರಡು ಕೆ.ಜಿ. ಮೈಲುತುತ್ತ ನೂರು ಲೀಟರಿನಲ್ಲಿ, ಎರಡು ಕೆ.ಜಿ. ಸುಣ್ಣ ಇನ್ನೊಂದು ನೂರರಲ್ಲಿ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಕಬ್ಬಿಣ ಬೇಡ, ತಗಡೂ ಬೇಡ.

ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನಕ್ಕೆ ಸುರಿಯಬೇಕು, ಒಬ್ಬರು ಸುರಿಯುತ್ತಿದ್ದರೆ ಇನ್ನೊಬ್ಬರು ಕೋಲಿನಲ್ಲಿ ತಿರುವುತ್ತಲೇ ಇರಬೇಕು. ಇದನ್ನು ತಿರುಗುಮುರುಗು ಮಾಡಿದ್ದನ್ನು ನಾನು ಎಷ್ಟು ತೋಟದಲ್ಲಿ ನೋಡಿದ್ದೇನೋ. ಸುಣ್ಣವನ್ನು ಮೈಲುತುತ್ತಕ್ಕೆ ಹಾಕಿದರೆ ಕಣ ಮರಳಾಗಿ ತಳಕ್ಕೆ ಕೂರುತ್ತದೆ, ನಾಜಲ್ ಕಟ್ಟುತ್ತದೆ, ಡ್ರಮ್ಮಿನ ಮೇಲಿನ ಅರ್ಧ ಬರೀ ನೀರು, ಕೆಳಗಿನ ಅರ್ಧ ಬರೀ ಕೆಸರು. ಮೊದಲ ಐವತ್ತು ಮರಕ್ಕೆ ಔಷಧಿಯೇ ಇಲ್ಲ, ಕೊನೆಯ ಐವತ್ತಕ್ಕೆ ಬೇಕಾದ್ದಕ್ಕಿಂತ ಹೆಚ್ಚು. ಸರಿಯಾಗಿ ಕೂಡಿದ ಪಾಕ ಆಕಾಶದ ಬಣ್ಣಕ್ಕಿದ್ದು, ರೇಷ್ಮೆಯ ಹಾಗೆ ಕೋಲಿಗೆ ಹತ್ತಿ ಜಾರುತ್ತದೆ, ಗಾಜಿನ ಲೋಟದಲ್ಲಿಟ್ಟರೆ ಬೇಗ ತಳಕ್ಕೆ ಕೂರುವುದಿಲ್ಲ. ಆ ನುಣುಪೇ ಅದರ ಅಂಟು. ಹೊತ್ತು ಹೋದಂತೆ ನುಣುಪು ಹರಳಾಗುತ್ತದೆ, ಅಂಟು ಹೋಗುತ್ತದೆ. ಬೆಳಿಗ್ಗೆ ಮಾಡಿದ್ದು ಅವತ್ತೇ ಮುಗಿಯಬೇಕು. ಮಳೆ ಬಂತು ಅಂತ ನಾಳೆಗೆ ಇಟ್ಟ ಪಾಕವನ್ನು ಹೊಡೆಯುವುದಕ್ಕಿಂತ ಹೊಡೆಯದಿರುವುದು ಲೇಸು.

ಆಮೇಲೆ ಹದ ನೋಡುವುದು. ನನ್ನ ಅಪ್ಪ ಕತ್ತಿಯನ್ನು ಮಸೆಗಲ್ಲಿಗೆ ಉಜ್ಜಿ ಕನ್ನಡಿಯ ಹಾಗೆ ಮಾಡಿ ಪಾಕದಲ್ಲಿ ಅದ್ದಿ, ಒಂದೆರಡು ನಿಮಿಷ ಬಿಟ್ಟು ಎತ್ತಿ ಬಿಸಿಲಿಗೆ ಹಿಡಿಯುತ್ತಿದ್ದರು. ಅಲಗು ಬೆಳ್ಳಗೇ ಇದ್ದರೆ ಸರಿ. ಕೆಂಪು ಹತ್ತಿದರೆ ಕರಗಿದ ತಾಮ್ರ ಇನ್ನೂ ಉಳಿದಿದೆ ಅಂತ ಅರ್ಥ, ಅದು ಕಬ್ಬಿಣದ ಮೇಲೆ ಬಂದು ಕೂತಿದೆ. ಹಾಗೆ ಕರಗಿ ಉಳಿದ ತಾಮ್ರ ಎಳೆಗಾಯಿಯನ್ನೂ, ಅಂದರೆ ಮಿಳ್ಳೆಯನ್ನೂ, ಸುಡುತ್ತದೆ. ಆಗ ಇನ್ನೊಂದು ತಂಬಿಗೆ ಸುಣ್ಣದ ನೀರು, ಮತ್ತೆ ಕತ್ತಿ. ಈಗ ಪಿಎಚ್ ಕಾಗದ ಸಿಗುತ್ತದೆ, ಏಳು ಅಥವಾ ಅದರಿಂದ ಸ್ವಲ್ಪ ಮೇಲೆ ತೋರಿಸಿದರೆ ಸಾಕು. ಪ್ರತಿ ಡ್ರಮ್ಮಿಗೂ ನೋಡು. ಬೆಳಿಗ್ಗೆಯ ಮೊದಲ ಡ್ರಮ್ಮಿಗೆ ಮಾತ್ರ ನೋಡಿ ಕೈತೊಳೆದುಕೊಂಡರೆ ಆಗದು.

ನಾನು ಇದನ್ನು ಹೊರಗಿನವನಾಗಿ ಹೇಳುತ್ತಿಲ್ಲ. ಅಪ್ಪ ಹೋದ ಮರುವರ್ಷ, ನಿನ್ನಷ್ಟೇ ವಯಸ್ಸು ನನಗೆ. ಅಂಗಡಿಯವರು ಕೊಟ್ಟ ಸುಣ್ಣವನ್ನು ಬಿಚ್ಚಿಯೂ ನೋಡದೆ ಅಳೆದು ಹಾಕಿಸಿದೆ. ಕತ್ತಿ ಮಸೆಯುವ ಕೆಲಸ ಹಳೆಯ ಕಾಲದ್ದು ಅಂತ ಬಿಟ್ಟೆ. ನಾಲ್ಕನೇ ದಿನಕ್ಕೆ ಮಿಳ್ಳೆಗಳ ಮೇಲೆ ಸುಟ್ಟ ಚುಕ್ಕೆ, ಹೊಸ ಹಿಂಗಾರದ ಎಳೆಗಳು ಕಪ್ಪು. ಮಳೆ ಹಿಡಿಯುವ ಮೊದಲೇ ಮರದ ಬುಡದಲ್ಲಿ ಹಸಿರು ಮಿಳ್ಳೆ ಹಾಸಿಕೊಂಡಿತು. ನಿನ್ನ ಅಜ್ಜಿ ಏನೂ ಅನ್ನಲಿಲ್ಲ, ಅವನ್ನೆಲ್ಲ ಬುಟ್ಟಿಗೆ ಹೆಕ್ಕಿ ತಂದು ಜಗಲಿಯ ಮೇಲೆ ನನ್ನ ಎದುರಿಗೆ ಇಟ್ಟರು. ಆ ವರ್ಷದಿಂದ ಕತ್ತಿ ಬಿಟ್ಟಿಲ್ಲ.

ಹೊಡೆಯುವ ಕೆಲಸದ ಬಗ್ಗೆ ಕಡಿಮೆಯೇ ಹೇಳುತ್ತೇನೆ, ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಫೈಬರ್ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಹೊಡೆಯುವುದು ದೊಡ್ಡ ಉಪಕಾರ, ಮರದ ಮೇಲಿಂದ ಜಾರಿ ಬೀಳುವ ಭಯ ಇಲ್ಲ. ಆದರೆ ನೆಲದಿಂದ ನೋಡಿದರೆ ಕೊನೆಯ ಎದುರಿನ ಮುಖ ಮಾತ್ರ ಕಾಣುತ್ತದೆ. ಹಿಂಬದಿ, ಕಾಯಿ ಕಾಯಿಯ ಸಂದು, ತೊಟ್ಟಿನ ಬುಡ ಒಣಗಿಯೇ ಉಳಿಯುತ್ತದೆ. ಮರದ ಸುತ್ತ ಎರಡು ಕಡೆ ನಿಂತು ಹೊಡೆಯಿಸು. ನಾಜಲಿನ ತೂತು ಸವೆದು ಹನಿ ದಪ್ಪವಾಗಿದ್ದರೆ ಬದಲಿಸು, ದಪ್ಪ ಹನಿ ಕಾಯಿಯ ಮೇಲೆ ನಿಲ್ಲದೆ ನೆಲಕ್ಕೆ ಹೋಗುತ್ತದೆ. ಡ್ರೋನಿನ ವಿಷಯ ಕೇಳಿದೆಯಲ್ಲ, ನನ್ನ ಅಭಿಪ್ರಾಯ ಇಷ್ಟು: ಮೇಲಿನಿಂದ ಬಂದ ಔಷಧಿ ಮೊದಲು ಸೋಗೆಗೆ ಬೀಳುತ್ತದೆ, ಕೊನೆ ಇರುವುದು ಸೋಗೆಯ ಕೆಳಗೆ. ಕೊನೆಗೆ ತಲುಪಿದ್ದನ್ನು ಕಣ್ಣಾರೆ ನೋಡಿದ ಮೇಲೆ ಒಪ್ಪಿಕೊ. ಅಂಟಿಗೆ ರಾಳ-ಸೋಡ ಕುದಿಸಿ ಸೇರಿಸಿದರೆ ಮಳೆಗೆ ತಡೆಯುತ್ತದೆ. ಹೊಡೆದ ಮೇಲೆ ನಾಲ್ಕಾರು ಗಂಟೆ ಒಣಗಲು ಸಿಗಬೇಕು. ಮೋಡ ನೋಡದೆ ಡ್ರಮ್ಮಿಗೆ ಕೈಹಾಕಬೇಡ.

ಇನ್ನು ಮಣ್ಣಿನ ಲೆಕ್ಕ. ನಿದ್ದೆ ಕೆಡಿಸಿದ್ದು ಇದೇ.

ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ನಮ್ಮ ತೋಟದಲ್ಲಿ ಎಕರೆಗೆ ಒಂದು ಸಲಕ್ಕೆ 5 ಡ್ರಮ್ಮು ಹೋಗುತ್ತದೆ, ಅಂದರೆ 1000 ಲೀಟರ್, 10 ಕೆ.ಜಿ. ಮೈಲುತುತ್ತ, ಎರಡೂವರೆ ಕೆ.ಜಿ. ತಾಮ್ರ. ಎರಡು ಸಲಕ್ಕೆ 5 ಕೆ.ಜಿ. ನೀನು ಹೇಳಿದ ಹಾಗೆ ಎರಡು ಪಟ್ಟು ಮಾಡಿ ಮೂರು ಸಲ ಹೊಡೆದರೆ 15 ಕೆ.ಜಿ. ಹೆಕ್ಟೇರಿನ ಲೆಕ್ಕಕ್ಕೆ ತಂದರೆ ಸುಮಾರು 37 ಕೆ.ಜಿ., ಒಂದೇ ಮಳೆಗಾಲದಲ್ಲಿ. ಯುರೋಪಿನವರು 2019ರಿಂದ ಹಾಕಿಕೊಂಡ ಮಿತಿ ಏನು ಗೊತ್ತೇ? ಹೆಕ್ಟೇರಿಗೆ 7 ವರ್ಷಕ್ಕೆ 28 ಕೆ.ಜಿ. ಬೋರ್ಡೋ ಹುಟ್ಟಿದ ಫ್ರಾನ್ಸಿನ ದ್ರಾಕ್ಷಿತೋಟಕ್ಕೂ ಅದೇ ಮಿತಿ, ಸಾವಯವ ತೋಟಕ್ಕೂ ಅದೇ. ನಮ್ಮ ಆಗುಂಬೆ ಸೀಮೆಯ ಮಳೆ ಅವರಿಗಿಲ್ಲ, ನಿಜ. ಅವರ ಅಳತೆ ನಮಗೆ ಹಾಗೇ ಹೊಂದುವುದಿಲ್ಲ. ವರ್ಷದ ಲೆಕ್ಕಕ್ಕೆ ಹಂಚಿ ನೋಡಿದರೆ ನಾನು ಹೊಡೆಯುವ ಎರಡು ಸಲದ್ದೇ ಅವರ ಮಿತಿಗಿಂತ ಹೆಚ್ಚು, ಅದೂ ನನ್ನ ಮನಸ್ಸಿಗೆ ಚುಚ್ಚುತ್ತದೆ. ಹಾಗಿರುವಾಗ ಅವರು ಏಳು ವರ್ಷಕ್ಕೆ ಹಾಕಿಕೊಂಡ ಮಿತಿಗಿಂತ ಹೆಚ್ಚನ್ನು ನೀನು ಒಂದೇ ವರ್ಷಕ್ಕೆ ಸುರಿಯಲು ಹೊರಟರೆ ನಾನು ಸುಮ್ಮನಿರುವುದು ಹೇಗೆ?

ತಾಮ್ರ ಲೋಹ. ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಮಳೆಗೆ ಹೆಚ್ಚು ಕೆಳಗೂ ಇಳಿಯುವುದಿಲ್ಲ. ಮೇಲಿನ ಒಂದು ಗೇಣು ಮಣ್ಣಿನಲ್ಲೇ ಕೂರುತ್ತದೆ. ಅಡಿಕೆಯ ಉಣ್ಣುವ ಬೇರು ಇರುವುದೂ, ಮೆಣಸಿನ ಬೇರು ಇರುವುದೂ, ಎರೆಹುಳ ಇರುವುದೂ ಆ ಗೇಣಿನಲ್ಲೇ. ನಮ್ಮ ಮಣ್ಣು ಮೊದಲೇ ಹುಳಿ. ಹುಳಿ ಮಣ್ಣಲ್ಲಿ ತಾಮ್ರ ಬೇರಿಗೆ ಬೇಗ ಸಿಗುತ್ತದೆ. ಗಿಡಕ್ಕೆ ಬೇಕಾದ್ದು ಚಿಟಿಕೆಯಷ್ಟು: ಮಣ್ಣು ಪರೀಕ್ಷೆಯ ಚೀಟಿಯಲ್ಲಿ ತಾಮ್ರ 0.2 ಪಿಪಿಎಂಗಿಂತ ಕಡಿಮೆ ಇದ್ದರೆ ಮಾತ್ರ ಕೊರತೆ ಅನ್ನುತ್ತಾರೆ. ತಲೆಮಾರುಗಳಿಂದ ಬೋರ್ಡೋ ಬಿದ್ದ ತೋಟದಲ್ಲಿ ಕೊರತೆಯ ಪ್ರಶ್ನೆಯೇ ಏಳುವುದಿಲ್ಲ. ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣು ಕೊಡುವಾಗ ಸಾರಜನಕ, ರಂಜಕ, ಪೊಟ್ಯಾಷ್ ಅಂತ ಮೂರಕ್ಕೇ ನಿಲ್ಲಿಸಬೇಡ, ತಾಮ್ರವನ್ನೂ ನೋಡಿಕೊಡಿ ಅಂತ ಬರೆಸು. ಮೂರು ವರ್ಷಕ್ಕೊಮ್ಮೆ ಅದೇ ಜಾಗದ ಮಣ್ಣು ಕೊಟ್ಟರೆ ಲೆಕ್ಕ ಏರುತ್ತಿದೆಯೋ ನಿಂತಿದೆಯೋ ತಿಳಿಯುತ್ತದೆ. ದರಕು, ಸೊಪ್ಪು, ಗೊಬ್ಬರ ಹೆಚ್ಚು ಹಾಕಿದಲ್ಲಿ ಅವು ತಾಮ್ರವನ್ನು ಹಿಡಿದಿಟ್ಟುಕೊಂಡು ಬೇರಿಗೆ ಕಾಟ ಕಡಿಮೆ ಮಾಡುತ್ತವೆ. ಮೆಣಸಿನ ಬುಡಕ್ಕೆ ಟ್ರೈಕೋಡರ್ಮಾ ಕೊಡುತ್ತೀಯಲ್ಲ, ಅದೂ ಶಿಲೀಂಧ್ರವೇ. ತಾಮ್ರ ಹೊಯ್ದ ಬುಡಕ್ಕೆ ಅದೇ ವಾರ ಅದನ್ನು ಹಾಕಿದರೆ ದುಡ್ಡೂ ಹೋಯಿತು, ಜೀವವೂ ಹೋಯಿತು.

ತಾಮ್ರ ಹೆಚ್ಚಾದರೆ ಇನ್ನೊಂದು ಕೇಡಿದೆ, ನಮ್ಮ ಅಡಿಕೆಯಲ್ಲಿ ಕಂಡಿಲ್ಲ, ಬೇರೆ ಬೆಳೆಯಲ್ಲಿ ಕಂಡಿದೆ. ಅಮೆರಿಕದ ಫ್ಲೋರಿಡಾದಲ್ಲಿ ಟೊಮೇಟೊ, ದಪ್ಪ ಮೆಣಸಿನಕಾಯಿ ಬೆಳೆಯುವವರು ಬ್ಯಾಕ್ಟೀರಿಯಾದ ಚುಕ್ಕೆರೋಗಕ್ಕೆ ಮತ್ತೆ ಮತ್ತೆ ತಾಮ್ರ ಹೊಡೆದರು. 1980ರ ದಶಕದ ಹೊತ್ತಿಗೇ ತಾಮ್ರಕ್ಕೆ ಬಗ್ಗದ ಬ್ಯಾಕ್ಟೀರಿಯಾ ಅಲ್ಲಿ ಎದ್ದು ನಿಂತವು. ಒಳಗೆ ಬಂದ ತಾಮ್ರವನ್ನು ಕಟ್ಟಿಹಾಕುವ, ಹೊರಗೆ ದಬ್ಬುವ ಗುಣ ಅವಕ್ಕೆ ಬಂತು. ಆ ಗುಣವನ್ನು ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸಬಲ್ಲದು. ಚಿತ್ರದುರ್ಗದ ಕಡೆ ದಾಳಿಂಬೆ ಹಾಕಿರುವ ನಿನ್ನ ಭಾವನಿಗೂ ಈ ಮಾತು ಮುಟ್ಟಿಸು. ಅವರ ದುಂಡಾಣು ಅಂಗಮಾರಿಯೂ ಅದೇ ಕುಲದ ಬ್ಯಾಕ್ಟೀರಿಯಾದ್ದು, ಜಾಂತೊಮೊನಾಸ್ ಅನ್ನುತ್ತಾರೆ. ಕಂಡಾಗಲೆಲ್ಲ ತಾಮ್ರ ಹೊಡೆಯುವುದಕ್ಕಿಂತ ರೋಗದ ಕೊಂಬೆ ಸವರಿ ಸುಡುವುದು, ಕತ್ತರಿಯನ್ನು ಗಿಡದಿಂದ ಗಿಡಕ್ಕೆ ತೊಳೆಯುವುದು ಅಲ್ಲಿ ಹೆಚ್ಚು ಮುಖ್ಯ. ಫೈಟಾಫ್ತೊರಾ ಮಾತ್ರ ಇಷ್ಟು ಕಾಲವಾದರೂ ತಾಮ್ರಕ್ಕೆ ತಲೆಬಾಗುತ್ತಲೇ ಇದೆ. ಇದೇ ಕುಲದ ಆಲೂಗಡ್ಡೆಯ ರೋಗ, 1845ರಲ್ಲಿ ಐರ್ಲೆಂಡನ್ನು ಹಸಿವಿಗೆ ನೂಕಿತಲ್ಲ ಅದು, ಮೆಟಲಾಕ್ಸಿಲ್ ಅನ್ನುವ ಹೊಸ ಔಷಧಿಯನ್ನು 1980ರಲ್ಲಿ ಅದೇ ಐರ್ಲೆಂಡಿನಲ್ಲಿ ಕೆಲವೇ ವರ್ಷದ ಬಳಕೆಗೆ ಮಣಿಸಿಬಿಟ್ಟಿತು. ಆ ಔಷಧಿ ಒಂದೇ ಕಡೆ ಏಟು ಹಾಕುವಂಥದ್ದು, ತಾಮ್ರ ಹತ್ತು ಕಡೆ ಹಾಕುತ್ತದೆ. ಇಂಥ ಹಳೆಯ ಆಯುಧವನ್ನು ದುಂದು ಮಾಡಿ ಮೊಂಡು ಮಾಡಿಕೊಳ್ಳುವುದು ಬೇಡ ಅಂತಲೇ ಇಷ್ಟು ಹೇಳುತ್ತಿರುವುದು.

ಅಂಗಡಿಯಲ್ಲಿ ಸಿದ್ಧ ತಾಮ್ರದ ಪುಡಿಗಳೂ ಸಿಗುತ್ತವೆ, ಕಾಪರ್ ಆಕ್ಸಿಕ್ಲೋರೈಡ್, ಕಾಪರ್ ಹೈಡ್ರಾಕ್ಸೈಡ್. ಸುಣ್ಣದ ಗೋಜಿಲ್ಲ, ಲೋಹ ಕಡಿಮೆ. ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಹಾಕಿದರೆ ತಾಮ್ರ ಒಂದೂವರೆ ಗ್ರಾಮಿನ ಹತ್ತಿರ, ಬೋರ್ಡೋದಲ್ಲಿ ಎರಡೂವರೆ. ಆದರೆ ನಮ್ಮ ಜಡಿಮಳೆಗೆ ಅವು ಬೋರ್ಡೋದಷ್ಟು ಹಿಡಿದು ನಿಲ್ಲುವುದಿಲ್ಲ. ಮಳೆ ಕಡಿಮೆ ಇರುವ ಸೀಮೆಯಲ್ಲಿ, ಮೆಣಸಿನ ಬುಡಕ್ಕೆ, ನರ್ಸರಿಯ ಸಸಿಗಳಿಗೆ ಅವು ಚೆನ್ನ. ಡಬ್ಬಿಯ ಮೇಲಿನ ಸಂಖ್ಯೆ ಓದುವುದನ್ನು ಕಲಿ: 77 ಪರ್ಸೆಂಟ್ ಹೈಡ್ರಾಕ್ಸೈಡ್ ಅಂದರೆ ಅದರಲ್ಲಿ ತಾಮ್ರ 50 ಮಾತ್ರ. ಈಚೆಗೆ ನ್ಯಾನೋ ತಾಮ್ರದ ಮಾತೂ ಕೇಳಿಬರುತ್ತಿದೆ. ಅದರ ಹಿಂದಿನ ವಿಚಾರ ಒಳ್ಳೆಯದೇ. ಕಣ ಸಣ್ಣದಾದಷ್ಟೂ ಅದೇ ತೂಕದ ಲೋಹಕ್ಕೆ ಮೈ ಹೆಚ್ಚು, ಕಡಿಮೆ ತಾಮ್ರದಲ್ಲಿ ಹೆಚ್ಚು ಸಿಪ್ಪೆ ಮುಚ್ಚಬಹುದು. ವಿಜ್ಞಾನಿಗಳು ಹೋಗುತ್ತಿರುವ ದಿಕ್ಕು ಮಿಲಾರ್ಡೆಯ ನಂತರದವರು ಹೋದದ್ದೇ, ಕಡಿಮೆ ಲೋಹ, ಹೆಚ್ಚು ಕಾವಲು. ಹಾಗಂತ ಮಾರಲು ಬಂದವರ ಮಾತಿಗೆ ಇಡೀ ತೋಟ ಒಪ್ಪಿಸಬೇಡ. ಲೀಟರಿಗೆ ಎಷ್ಟು ಗ್ರಾಂ ಲೋಹ, ಎಷ್ಟು ಮಳೆಗೆ ನಿಲ್ಲುತ್ತದೆ, ಅಡಿಕೆಗೆ ಹೊಡೆಯಲು ಒಪ್ಪಿಗೆ ಇದೆಯೇ, ಈ ಮೂರು ಕೇಳು. ಉತ್ತರ ತಡವರಿಸಿದರೆ ಚಹಾ ಕೊಟ್ಟು ಕಳಿಸು.

ಹೊಡೆಯುವ ಹುಡುಗರನ್ನು ಮರೆಯಬೇಡ. ಪೋರ್ಚುಗಲ್ಲಿನಲ್ಲಿ ವರ್ಷಗಟ್ಟಲೆ ದ್ರಾಕ್ಷಿಗೆ ಬೋರ್ಡೋ ಹೊಡೆದವರ ಶ್ವಾಸಕೋಶದಲ್ಲಿ ತಾಮ್ರದ ಕಲೆಯನ್ನೂ ಗಾಯವನ್ನೂ ವೈದ್ಯರು 1969ರಲ್ಲೇ ಬರೆದಿಟ್ಟಿದ್ದಾರೆ. ದೋಟಿ ಹಿಡಿದವನು ಮುಖ ಮೇಲೆತ್ತಿಯೇ ನಿಲ್ಲಬೇಕು, ಹನಿಯೆಲ್ಲ ಅವನ ಮೇಲೆ. ಕನ್ನಡಕ, ಮಾಸ್ಕು, ತಲೆಗೆ ಬಟ್ಟೆ ನೀನೇ ತಂದುಕೊಡು. ಸೆಖೆ ಅಂತ ತೆಗೆದಿಟ್ಟರೆ ಬೆಳಗಿನ ತಂಪಿನಲ್ಲೇ ಕೆಲಸ ಮುಗಿಸು, ಮಧ್ಯಾಹ್ನಕ್ಕೆ ಎಳೆಯಬೇಡ.

ಚರಂಡಿ ತೆಗೆಸಿದ್ದೀಯಾ? ಕೆಳಗಿನ ಬಣದಲ್ಲಿ ನೀರು ನಿಂತದ್ದನ್ನು ಹೋದ ಮಳೆಗಾಲದಲ್ಲೇ ನೋಡಿದ್ದೆ. ಉದುರಿದ ಕೊಳೆ ಅಡಿಕೆಯನ್ನು ದಿನಾ ಹೆಕ್ಕಿಸಿ ತೋಟದಿಂದ ಹೊರಗೆ ಹಾಕಿಸು, ಮರದ ಮೇಲೆ ಒಣಗಿ ನೇತ ಕೊನೆಯನ್ನೂ ಇಳಿಸು. ಅಲ್ಲಿಂದಲೇ ಮುಂದಿನ ಮಳೆಗೆ ರೋಗ ಎದ್ದು ಬರುತ್ತದೆ. ಇದಕ್ಕೆ ಖರ್ಚಾಗುವ ಒಂದಾಳಿನ ಕೂಲಿ, ನೀನು ಹೆಚ್ಚಿಗೆ ತಂದಿಟ್ಟ ಮೈಲುತುತ್ತದ ಒಂದು ಚೀಲಕ್ಕಿಂತ ದೊಡ್ಡ ಕಾವಲು.

ನನ್ನ ಮಾತನ್ನು ನಂಬಿಯೇ ಮಾಡಬೇಕು ಅಂತಿಲ್ಲ. ಕೆಳಗಿನ ಬಣದಲ್ಲಿ ಎರಡು ಸಾಲಿಗೆ ಕೆಂಪು ಬಣ್ಣದ ಪಟ್ಟಿ ಬಳಿ. ಅದಕ್ಕೆ ನಾನು ಹೇಳಿದ ಹಾಗೆ ಶೇಕಡಾ ಒಂದು, ಸರಿಯಾಗಿ ಮಾಡಿದ್ದು, ಎರಡೇ ಸಲ. ಪಕ್ಕದ ಎರಡು ಸಾಲಿಗೆ ಬೇಕಾದರೆ ನಿನ್ನ ಲೆಕ್ಕದ್ದು ಹೊಡೆ, ಅಷ್ಟಕ್ಕೆ ಮಾತ್ರ. ಇನ್ನೊಂದು ಹತ್ತು ಮರದ ಕೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಸಿ ತಾಮ್ರವನ್ನೇ ಬಿಟ್ಟು ನೋಡು. ಆರಿದ್ರೆಯಿಂದ ದಿನಾ ಬೆಳಿಗ್ಗೆ ಒಂದೊಂದು ಸಾಲಿನ ಬುಡದಲ್ಲಿ ಉದುರಿದ್ದನ್ನು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆ, ಮಳೆ ಬಿದ್ದ ಅಳತೆಯನ್ನೂ ಪಕ್ಕದಲ್ಲಿ ಬರೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಬರುತ್ತೇನೆ. ಹೊಸ ಸುಣ್ಣ ನಾನೇ ತರುತ್ತೇನೆ. ಶನಿವಾರ ರಾತ್ರಿ ಮೈಲುತುತ್ತ ಗಂಟುಕಟ್ಟಿ ನೀರಲ್ಲಿ ತೂಗುಹಾಕಿರು, ಡ್ರಮ್ಮಿಗೆ ಎರಡೇ ಕೆ.ಜಿ. ಅಪ್ಪನ ಕತ್ತಿಯನ್ನು ಇವತ್ತು ಮಧ್ಯಾಹ್ನ ಮಸೆದು ಎಣ್ಣೆ ಹಚ್ಚಿಟ್ಟಿದ್ದೇನೆ. ಅದ್ದುವ ಮೊದಲು ಒರೆಸುವುದಕ್ಕೆ ಒಂದು ಒಣ ಬಟ್ಟೆ ನೀನು ತೆಗೆದಿಡು.

ನಿನ್ನ ಮಾವ